ಕಡ್ಡಾಯ ಅಂಶಗಳ ನಡುವಿನ ಜಾಗ: ಪುರುಷರ ಶಾರ್ಟ್ ಪ್ರೋಗ್ರಾಂ ಕಟ್ಟುತ್ತಾ ನಾನು ಕಂಡುಕೊಂಡದ್ದು

ಪುರುಷರ ಫಿಗರ್ ಸ್ಕೇಟಿಂಗ್ ಸ್ಪರ್ಧೆಯ ಎರಡು ಸುತ್ತುಗಳಲ್ಲಿ ಮೊದಲನೆಯದೂ ಚಿಕ್ಕದೂ ಆದ ಶಾರ್ಟ್ ಪ್ರೋಗ್ರಾಂನಲ್ಲಿ ಸ್ಕೇಟರ್‌ಗೆ ದೊರೆಯುವ ಸ್ವಾತಂತ್ರ್ಯ ಬಹಳ ಕಡಿಮೆ. ಅವಧಿ 2 ನಿಮಿಷ 40 ಸೆಕೆಂಡು, ಹೆಚ್ಚೆಂದರೆ ಹತ್ತು ಸೆಕೆಂಡು ಆಚೀಚೆ. ಅಷ್ಟರೊಳಗೆ ಒಂದು ಆಕ್ಸೆಲ್ (ಮುಮ್ಮುಖವಾಗಿ ಏಳುವ ಜಂಪ್), ಒಂದು ಬಿಡಿ ಜಂಪ್, ಎರಡು ಜಂಪ್‌ಗಳ ಒಂದು ಜೋಡಣೆ, ಮೂರು ಬಗೆಯ ಸ್ಪಿನ್ (ನಿಂತಲ್ಲೇ ಗಿರಗಿರನೆ ಸುತ್ತುವುದು), ಒಂದು ಸ್ಟೆಪ್ ಸೀಕ್ವೆನ್ಸ್ (ಹೆಜ್ಜೆ–ತಿರುವುಗಳ ಸಾಲು) ಹೀಗೆ ಏಳು ಅಂಶಗಳು ಬರಲೇಬೇಕು. ಎಲ್ಲರಿಗೂ ಇದೇ ಪಟ್ಟಿ, ಇದೇ ಗಡಿಯಾರ. ಹಾಗಿದ್ದೂ ಕೆಲವು ಪ್ರೋಗ್ರಾಂಗಳು ಮಾತ್ರ ವರ್ಷಗಳ ನಂತರವೂ ಮತ್ತೆ ಮತ್ತೆ ನೋಡಿಸಿಕೊಳ್ಳುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಕಿರಿಯ ಸ್ಕೇಟರ್‌ಗಳಿಗೆ ಪ್ರೋಗ್ರಾಂ ಸಂಯೋಜಿಸಲು ನೆರವಾಗುವ ಕೆಲಸಕ್ಕೆ ಇಳಿದಾಗ ಇದಕ್ಕೆ ಕಾರಣವೇನೆಂದು ತಿಳಿಯದೆ ನನಗೆ ಮುಂದುವರಿಯುವ ದಾರಿಯೇ ಇರಲಿಲ್ಲ.

ಅದನ್ನು ತಿಳಿಯಲು ನಾನು ಆರಿಸಿಕೊಂಡದ್ದು ಜಪಾನಿನ ಯುಜುರು ಹನ್ಯು ಅವರು ಶೋಪ್ಯಾನ್‌ನ ಜಿ ಮೈನರ್ ಬಲ್ಲಾಡ್ ಎಂಬ ಪಿಯಾನೊ ಕೃತಿಗೆ ಮಾಡಿದ ಶಾರ್ಟ್ ಪ್ರೋಗ್ರಾಂ. ಅದರ ಸಂಯೋಜನೆ 2008ರ ವಿಶ್ವ ಚಾಂಪಿಯನ್ ಆಗಿದ್ದ ಕೆನಡಾದ ಜೆಫ್ರಿ ಬಟಲ್ ಅವರದು. 2015ರ ಡಿಸೆಂಬರ್‌ನಲ್ಲಿ ಬಾರ್ಸಿಲೋನಾದ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಅದಕ್ಕೆ 110.95 ಅಂಕ ಬಂತು. 2018ರ ಫೆಬ್ರವರಿಯಲ್ಲಿ, ಕಣಕಾಲಿನ ಗಾಯದಿಂದ ತಿಂಗಳುಗಟ್ಟಲೆ ಸ್ಪರ್ಧೆಯಿಂದ ದೂರವಿದ್ದು ನೇರವಾಗಿ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಬಂದ ಹನ್ಯು, ಅದೇ ಸಂಗೀತಕ್ಕೆ 111.68 ಅಂಕ ಪಡೆದರು. ಒಂದೇ ಪ್ರೋಗ್ರಾಂನ ಬೇರೆ ಬೇರೆ ಪ್ರದರ್ಶನಗಳು ಎದುರಿಗಿದ್ದುದರಿಂದ, ಆ ದಿನದ ಮೈಯ ಹುರುಪು ಯಾವುದು, ಸಂಯೋಜನೆಯ ಒಳಗೇ ಇರುವ ಗುಣ ಯಾವುದು ಎಂಬುದನ್ನು ಬೇರ್ಪಡಿಸಿ ನೋಡಲು ಸಾಧ್ಯವಾಯಿತು.

ನನ್ನ ವಿಧಾನ ಸರಳವಾಗಿತ್ತು. ಮೊದಲು ಸಂಗೀತವನ್ನಷ್ಟೇ ಕೇಳಿ, ಎಲ್ಲಿ ಸ್ವರ ಏರುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಸೆಕೆಂಡುಗಳ ಲೆಕ್ಕದಲ್ಲಿ ಒಂದು ಉದ್ದನೆಯ ಕಾಗದದ ಮೇಲೆ ಗುರುತು ಮಾಡಿಕೊಂಡೆ. ಆಮೇಲೆ ಧ್ವನಿ ತೆಗೆದು ದೃಶ್ಯವನ್ನು ಮಾತ್ರ ನೋಡಿ, ಪ್ರತಿಯೊಂದು ಜಂಪ್ ನೆಲ ಬಿಟ್ಟ ಕ್ಷಣವನ್ನೂ ಇಳಿದ ಕ್ಷಣವನ್ನೂ ಅದೇ ಕಾಗದದಲ್ಲಿ ಇನ್ನೊಂದು ಬಣ್ಣದಲ್ಲಿ ಬರೆದೆ. ಕೊನೆಯಲ್ಲಿ, ಜಂಪ್‌ಗೆ ಮುನ್ನ ಸ್ಕೇಟರ್ ಏನನ್ನೂ ಮಾಡದೆ ಕೇವಲ ಜಾರುತ್ತಾ ಸಿದ್ಧತೆಯಲ್ಲಿರುವ ಸಮಯವನ್ನು ಮೂರನೆಯ ಬಣ್ಣದಿಂದ ತುಂಬಿದೆ. ಈ ಮೂರನೆಯ ಬಣ್ಣವೇ ನನಗೆ ಹೆಚ್ಚಿನದನ್ನು ಕಲಿಸಿತು. ಸಾಧಾರಣ ಪ್ರೋಗ್ರಾಂಗಳಲ್ಲಿ ಅದು ಕಾಗದದ ಉದ್ದಕ್ಕೂ ದಪ್ಪ ಪಟ್ಟಿಗಳಾಗಿ ಹರಡಿರುತ್ತದೆ. ಕ್ವಾಡ್‌ಗೆ, ಅಂದರೆ ನಾಲ್ಕು ಸುತ್ತಿನ ಜಂಪ್‌ಗೆ, ಮುನ್ನ ರಿಂಕ್‌ನ ಈ ತುದಿಯಿಂದ ಆ ತುದಿಯವರೆಗೆ ವೇಗ ಕೂಡಿಸಿಕೊಳ್ಳುವಾಗ ಸಂಗೀತ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ, ಸ್ಕೇಟರ್ ಅದರಿಂದ ಹೊರಗಿರುತ್ತಾನೆ. ಬಲ್ಲಾಡ್‌ನ ಕಾಗದದಲ್ಲಿ ಆ ಬಣ್ಣ ಅಲ್ಲೊಂದು ಇಲ್ಲೊಂದು ಗೆರೆಯಷ್ಟೇ ಇತ್ತು.

ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಅವರ ಟ್ರಿಪಲ್ ಆಕ್ಸೆಲ್ ಒಂದನ್ನೇ ನಿಧಾನವಾಗಿ ನೋಡಬೇಕು. ಸ್ಪರ್ಧೆಯ ಮುಖ್ಯ ಜಂಪ್‌ಗಳಲ್ಲಿ ಮುಮ್ಮುಖವಾಗಿ ಜಿಗಿಯುವಂಥದ್ದು ಆಕ್ಸೆಲ್ ಒಂದೇ. ಎಡಗಾಲಿನ ಬ್ಲೇಡಿನ ಹೊರ ಅಂಚಿನಿಂದ ಏಳಬೇಕು, ಹಿಮ್ಮುಖವಾಗಿ ಇಳಿಯಬೇಕು, ಆದ್ದರಿಂದ ಟ್ರಿಪಲ್ ಎಂದರೆ ಮೂರೂವರೆ ಸುತ್ತು. ಹೆಚ್ಚಿನವರು ಬಲಗಾಲಿನ ಮೇಲೆ ಹಿಮ್ಮುಖವಾಗಿ ಜಾರುತ್ತಾ, ಭುಜಗಳನ್ನು ಸರಿಪಡಿಸಿಕೊಂಡು, ಸಾಕಷ್ಟು ಹೊತ್ತು ಕಾದು, ಆಮೇಲೆ ಎಡಗಾಲನ್ನು ಮುಂದಿಟ್ಟು ಮೇಲೇಳುತ್ತಾರೆ. ಹನ್ಯು ಎಡಗಾಲಿನ ಹಿಮ್ಮುಖ ಹೊರ ಅಂಚಿನ ಮೇಲೆ ಬಂದು, ಕೌಂಟರ್ ಎಂಬ ತಿರುವಿನ ಮೂಲಕ, ಕಾಲು ಬದಲಿಸದೆ ಅದೇ ಕಾಲಿನ ಮುಮ್ಮುಖ ಹೊರ ಅಂಚಿಗೆ ಹೊರಳುತ್ತಾರೆ. ಹೊರಳಿದೊಡನೆ ಅದೇ ಅಂಚಿನಿಂದ ಜಂಪ್ ಏಳುತ್ತದೆ. ತಿರುವಿನಲ್ಲಿ ಮೈ ಒಂದಿಷ್ಟು ಹೆಚ್ಚು ತಿರುಗಿದರೂ ಆಕ್ಸೆಲ್‌ನ ಅಕ್ಷ ವಾಲುತ್ತದೆ, ಅದನ್ನು ಸರಿಪಡಿಸಲು ಎರಡನೆಯ ಕಾಲಿನ ಆಸರೆಯಿಲ್ಲ. ನಾನು ಈ ಪ್ರವೇಶವನ್ನು ಅರ್ಧ ಸುತ್ತಿನ ವಾಲ್ಟ್ಸ್ ಜಂಪ್‌ಗೆ ಅಭ್ಯಾಸ ಮಾಡಿ ನೋಡಿದೆ. ತಿರುವಿನ ನಂತರ ಸೊಂಟ ಇನ್ನೂ ಸುತ್ತುತ್ತಿರುವಾಗ ಭುಜಗಳನ್ನು ತಡೆದು ಹಿಡಿಯುವುದಕ್ಕೆ ಎಷ್ಟು ಬಲ ಬೇಕೆಂಬುದು ಅಂಚಿನ ಮೇಲೆ ನಿಂತಾಗಲಷ್ಟೇ ಅರಿವಾಗುತ್ತದೆ. ಅರ್ಧ ಸುತ್ತಿಗೇ ಇಷ್ಟಾದರೆ ಮೂರೂವರೆ ಸುತ್ತಿನ ಮಾತೇನು!

ಆದರೆ ಈ ಕಷ್ಟದಿಂದಲೇ ಅದು ಶ್ರೇಷ್ಠವಾಗುವುದಿಲ್ಲ. ಸಿದ್ಧತೆ ಕಾಣದಿರುವುದರಿಂದ ಜಂಪ್ ಯಾವಾಗ ಬರುತ್ತದೆಂದು ನೋಡುವವರಿಗೆ ಮುಂಚಿತವಾಗಿ ತಿಳಿಯುವುದಿಲ್ಲ, ಪಿಯಾನೊದ ಆ ನುಡಿಯೇ ಅದನ್ನು ಎತ್ತಿತೆಂದು ಅನಿಸುತ್ತದೆ. ಇಳಿದ ಮೇಲೂ ನಿಲ್ಲದೆ ತಿರುವುಗಳು ಮುಂದುವರಿಯುತ್ತವೆ. ತನಿ ಆವರ್ತನದ ಮುಕ್ತಾಯ ಸಮಕ್ಕೆ ಬಂದು ಕೂಡಿದಾಗ ಕೇಳುವವರ ತಲೆ ತಾನಾಗಿ ಆಡುವಂತೆ, ಆ ಇಳಿತ ಸ್ವರಕ್ಕೆ ಬಂದು ಕೂಡುತ್ತದೆ. ನನ್ನ ಮಟ್ಟಿಗೆ ಮೇರುಕೃತಿಯ ಗುರುತು ಇದೇ: ನಿಯಮಕ್ಕಾಗಿ ಮಾಡಿದ್ದು ಸಂಗೀತಕ್ಕಾಗಿಯೇ ಹುಟ್ಟಿದಂತೆ ಕಾಣಬೇಕು.

ಅಂಶಗಳ ಕ್ರಮವೂ ಇದಕ್ಕೆ ಸೇರಿದ್ದೇ. 2018ರಲ್ಲಿ ಹನ್ಯು ಮೊದಲಿಗೆ ಕ್ವಾಡ್ ಸಾಲ್ಕೋವ್ ಮಾಡಿ, ಎರಡು ಸ್ಪಿನ್‌ಗಳ ನಂತರ ಟ್ರಿಪಲ್ ಆಕ್ಸೆಲನ್ನೂ ಕ್ವಾಡ್ ಟೋ ಲೂಪ್–ಟ್ರಿಪಲ್ ಟೋ ಲೂಪ್ ಜೋಡಣೆಯನ್ನೂ ದ್ವಿತೀಯಾರ್ಧಕ್ಕೆ ಇಟ್ಟುಕೊಂಡಿದ್ದರು (ಸಾಲ್ಕೋವ್, ಟೋ ಲೂಪ್ ಎಂಬುವು ಜಂಪ್‌ನ ಬಗೆಗಳು). ಆಗಿನ ನಿಯಮದಂತೆ ದ್ವಿತೀಯಾರ್ಧದ ಜಂಪ್‌ಗಳ ಮೂಲ ಅಂಕಕ್ಕೆ ಹತ್ತು ಪ್ರತಿಶತ ಹೆಚ್ಚುವರಿ ಸಿಗುತ್ತಿತ್ತು. ಅಂಕದ ಆಸೆಯಿಂದ ಹಾಗೆ ಮಾಡಿದರೆಂದು ಹೇಳುವುದು ಸುಲಭ. ಆದರೆ ಅದರ ಅಪಾಯವನ್ನೂ ನೋಡಬೇಕು. ಜೋಡಣೆಯನ್ನು ಮೊದಲೇ ಇಟ್ಟುಕೊಂಡವರು ಅಲ್ಲಿ ಎಡವಿದರೆ, ಮುಂದೆ ಬರುವ ಬಿಡಿ ಜಂಪ್‌ಗೆ ಎರಡನೆಯ ಜಂಪನ್ನು ಸೇರಿಸಿ ಉಳಿಸಿಕೊಳ್ಳಬಹುದು. ಕೊನೆಯ ಜಂಪಾಗಿ ಇಟ್ಟವರಿಗೆ ಆ ದಾರಿ ಮುಚ್ಚಿರುತ್ತದೆ. ಬಲ್ಲಾಡ್‌ನ ಕೊನೆಯ ಭಾಗ ಬಿರುಸಿನದು. ಜಂಪ್‌ಗಳನ್ನು ಅದರ ಹೊಸ್ತಿಲಿಗೆ ತಂದಿಟ್ಟು, ಉಳಿದ ಉಸಿರನ್ನೆಲ್ಲ ಸ್ಟೆಪ್ ಸೀಕ್ವೆನ್ಸ್‌ಗೆ ಸುರಿಯುವ ಈ ಕ್ರಮದಲ್ಲಿ ಲೆಕ್ಕಾಚಾರವೂ ಸಂಗೀತವೂ ಒಂದನ್ನೊಂದು ಬಿಟ್ಟುಕೊಟ್ಟಿಲ್ಲ.

ಕ್ವಾಡ್ ಇದ್ದರೆ ಮಾತ್ರ ಶ್ರೇಷ್ಠ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ನೇಥನ್ ಚೆನ್ 113.97 ಅಂಕಗಳ ವಿಶ್ವದಾಖಲೆ ಬರೆದರು, ಅದು ಎಲ್ಲ ರೀತಿಯಲ್ಲೂ ಅರ್ಹವಾದದ್ದು. ಅದೇ ಸ್ಪರ್ಧೆಯಲ್ಲಿ ಅವರದೇ ದೇಶದ ಜೇಸನ್ ಬ್ರೌನ್ ಒಂದೂ ಕ್ವಾಡ್ ಇಲ್ಲದೆ, ನೀನಾ ಸಿಮೋನ್ ಹಾಡಿದ ‘ಸಿನ್ನರ್‌ಮನ್’ಗೆ ಸ್ಕೇಟ್ ಮಾಡಿ 97.24 ಅಂಕ ಪಡೆದರು. ರೋಹೀನ್ ವಾರ್ಡ್ ಸಂಯೋಜಿಸಿದ ಆ ಪ್ರೋಗ್ರಾಂ ನನ್ನ ಕಾಗದಕ್ಕೆ ಬಂದಾಗ ಮೂರನೆಯ ಬಣ್ಣಕ್ಕೆ ಹೆಚ್ಚೇನೂ ಕೆಲಸವಿರಲಿಲ್ಲ. ಅಂಕಪಟ್ಟಿಯಲ್ಲಿ ಮೊದಲಿಗರಾಗದ ಕೃತಿಯೊಂದು ಸಂಯೋಜನೆಯಲ್ಲಿ ಮೊದಲ ಸಾಲಿಗೆ ಸೇರಬಲ್ಲದು ಎಂದು ಯಾರಾದರೂ ಸಾಕ್ಷಿ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ಈ ಓದನ್ನು ಕೆಲಸಕ್ಕೆ ಹಚ್ಚಿದ್ದು ನಮ್ಮ ರಿಂಕ್‌ನ ಹದಿಹರೆಯದ ಹುಡುಗನೊಬ್ಬನ ಪ್ರೋಗ್ರಾಂನಲ್ಲಿ. ಅವನ ಟ್ರಿಪಲ್‌ಗಳು (ಮೂರು ಸುತ್ತಿನ ಜಂಪ್‌ಗಳು) ಗಟ್ಟಿಯಾಗಿದ್ದವು, ಪ್ರವೇಶಗಳು ಮಾತ್ರ ಉದ್ದವಾಗಿದ್ದವು. ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೋಗದೆ, ಅವನಿಗೆ ಅತ್ಯಂತ ಭರವಸೆಯಿದ್ದ ಬಿಡಿ ಜಂಪ್ ಒಂದನ್ನೇ ಎತ್ತಿಕೊಂಡೆವು. ಸಂಗೀತ ಒಂಟಿ ಚೆಲ್ಲೊದ್ದು, ಅದರಲ್ಲಿ ಉಸಿರೆಳೆದುಕೊಳ್ಳಲು ಜಾಗಗಳಿದ್ದವು. ಜಂಪ್‌ಗೆ ಮುಂಚಿನ ಕ್ರಾಸ್‌ಓವರ್‌ಗಳನ್ನು (ವೇಗಕ್ಕಾಗಿ ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸಿ ಇಡುವ ಹೆಜ್ಜೆಗಳನ್ನು) ತೆಗೆದು, ತಿರುವುಗಳ ಸಣ್ಣ ಸಾಲೊಂದನ್ನು ಇಟ್ಟು, ಅದನ್ನು ಮೊದಲು ಜಂಪ್ ಇಲ್ಲದೆ, ಆಮೇಲೆ ಒಂಟಿ ಸುತ್ತಿನೊಂದಿಗೆ, ನಂತರ ಎರಡು ಸುತ್ತಿನೊಂದಿಗೆ ಸಂಗೀತಕ್ಕೆ ಕೂಡಿಸುತ್ತಾ ಹೋದೆವು. ತರಬೇತುದಾರರಿಗೆ ವೇಗ ಕುಗ್ಗುವ ಚಿಂತೆಯಿತ್ತು. ಅದು ನ್ಯಾಯವಾದದ್ದೇ, ಏಕೆಂದರೆ ವೇಗವಿಲ್ಲದ ಸುಂದರ ಪ್ರವೇಶದಿಂದ ಸುತ್ತು ಪೂರ್ಣವಾಗುವುದಿಲ್ಲ. ಹಾಗಾಗಿ ವೇಗವನ್ನು ಹಿಂದಿನ ಸ್ಪಿನ್‌ನಿಂದ ಹೊರಬರುವ ಹೆಜ್ಜೆಗಳಲ್ಲೇ, ಚೆಲ್ಲೊದ ಸ್ವರ ಏರುವ ಕಡೆಯೇ ಗಳಿಸಿಕೊಳ್ಳುವಂತೆ ದಾರಿಯನ್ನು ಬದಲಿಸಿದೆವು. ಆಗ ಅಲ್ಲಿಗೆ ಸರಿದ ಕ್ರಾಸ್‌ಓವರ್‌ಗಳು ಕೂಡ ಸಂಗೀತದ ಪಾಲಾದವು.

ಜೋಡಣೆಯನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಅವನ ಪ್ರೋಗ್ರಾಂನಲ್ಲಿ ಉತ್ತರ ಬೇರೆಯೇ ಆಯಿತು. ಈಗಿನ ನಿಯಮದಲ್ಲಿ ದ್ವಿತೀಯಾರ್ಧದ ಕೊನೆಯ ಒಂದು ಜಂಪ್ ಅಂಶಕ್ಕೆ ಮಾತ್ರ ಹೆಚ್ಚುವರಿ ಅಂಕವಿದೆ. ಆ ಲಾಭಕ್ಕಿಂತ ಅವನಿಗೆ ಬೇಕಾಗಿದ್ದದ್ದು ಎಡವಿದರೂ ಸರಿಪಡಿಸಿಕೊಳ್ಳುವ ಅವಕಾಶ. ಆದ್ದರಿಂದ ಜೋಡಣೆ ಮೊದಲಿಗೆ ಬಂತು, ಹೊಸ ಪ್ರವೇಶದ ಬಿಡಿ ಜಂಪ್ ಕೊನೆಗೆ ಹೋಯಿತು. ಮುಂದಿನ ಋತುವಿಗೆ ಅವನ ಆಕ್ಸೆಲ್‌ನ ಪ್ರವೇಶವನ್ನು ಕೈಗೆತ್ತಿಕೊಂಡಿದ್ದೇವೆ. ಸದ್ಯಕ್ಕೆ ಜಂಪ್ ಇಲ್ಲದೆ ಬರೀ ಕೌಂಟರ್ ತಿರುವನ್ನು, ಒಮ್ಮೆ ಎಡಗಾಲಿನ ಮೇಲೆ, ಒಮ್ಮೆ ಬಲಗಾಲಿನ ಮೇಲೆ, ಅಭ್ಯಾಸ ಮಾಡಿಸುತ್ತಿದ್ದೇನೆ.