ಓದೋಕಾ, ಓದೋದನ್ನಾ? ಇಂಗ್–ಟು ಗೊಂದಲಕ್ಕೆ ನಾನು ಹಿಡಿದ ಜರಡಿ

ಇಂಗ್ಲಿಷಲ್ಲಿ ಕೆಲವು ಕ್ರಿಯಾಪದಗಳ ಮುಂದೆ ಇಂಗ್ (ರೀಡಿಂಗ್) ಬರುತ್ತೆ, ಕೆಲವದರ ಮುಂದೆ ಟು (ಟು ರೀಡ್); ಯಾವುದಕ್ಕೆ ಯಾವುದು ಅನ್ನೋದೇ ಗೊಂದಲ. ಇದನ್ನ ಬಿಡಿಸೋಕೆ ಇಂಗ್ಲಿಷ್ ಕ್ಲಾಸಿಗೆ ಕನ್ನಡ ತಂದರೆ ಕಲಿಯೋರು ಕೆಟ್ಟು ಹೋಗ್ತಾರೆ ಅಂತ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಈಗ ಅವರೇ ನನ್ನ ನೋಟ್ಸ್ ಕೇಳ್ತಿದ್ದಾರೆ.

ಮೊದಲು ನಾನೂ ಎಲ್ಲರ ಹಾಗೆ ಪಟ್ಟಿ ಬಾಯಿಪಾಠ ಮಾಡಿಸಿದವನೇ. ಇಂಗ್ ಬೇಡೋ ಅವಾಯ್ಡ್, ಫಿನಿಶ್ ಒಂದು ಕಡೆ, ಟು ಬೇಡೋ ಡಿಸೈಡ್, ರೆಫ್ಯೂಸ್ ಇನ್ನೊಂದು ಕಡೆ. ಬಣ್ಣದ ಕಾರ್ಡು ಬೇರೆ ಅಚ್ಚು ಹಾಕಿಸಿದೆ, ಒಂದು ಬ್ಯಾಚಿನ ಫೀಸಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಯ್ತು. ಟೆಸ್ಟಲ್ಲಿ 20ಕ್ಕೆ 18 ತೆಗೆದವರೇ ಬಾಗಿಲು ದಾಟಿದ ಮೇಲೆ 'ಐ ಎಂಜಾಯ್ ರೀಡಿಂಗ್' ಅನ್ನೋ ಬದಲು 'ಐ ಎಂಜಾಯ್ ಟು ರೀಡ್' ಅನ್ನೋರು. ಮೂವರು ಫೀಸು ವಾಪಸ್ ಕೇಳಿದರು, ಕೊಟ್ಟೆ. ಕಾರ್ಡು ಇನ್ನೂ ಅಟ್ಟದ ಮೇಲಿವೆ.

ತಪ್ಪಿನ ಬೇರು ಕನ್ನಡದಲ್ಲೇ ಇತ್ತು. ನಾವು 'ಓದೋಕೆ ಮಜಾ' ಅಂತೀವಿ, ಆ 'ಓಕೆ'ಯೇ ಟು ಆಗಿ ನುಸುಳುತ್ತೆ. ಸರಿ, ಅದನ್ನೇ ಜರಡಿ ಮಾಡಿಕೊಂಡೆ. 'ಓದೋದನ್ನ ಮುಗಿಸಿದೆ': 'ಅನ್ನ' ಬಂತು, ಫಿನಿಶ್ಡ್ ರೀಡಿಂಗ್. 'ಹೋಗೋಕೆ ನಿರ್ಧರಿಸಿದೆ': 'ಓಕೆ' ಬಂತು, ಡಿಸೈಡೆಡ್ ಟು ಗೋ. ಸ್ಟಾಪ್ ಅಂತೂ ನೀರು ಕುಡಿದಷ್ಟು ಸಲೀಸು: 'ಸೇದೋದನ್ನ ನಿಲ್ಲಿಸಿದ' ಅಂದರೆ ಸ್ಟಾಪ್ಡ್ ಸ್ಮೋಕಿಂಗ್, 'ಸೇದೋಕೆ ನಿಂತ' ಅಂದರೆ ಸ್ಟಾಪ್ಡ್ ಟು ಸ್ಮೋಕ್.

ಸುಮ್ಮನೆ ಕುತೂಹಲಕ್ಕೆ ಟ್ರೈ ಹಾಕಿ ನೋಡಿದೆ. ಕಿಟಕಿ ಬಿಗಿಯಾಗಿದೆ, 'ತೆಗೆಯೋಕೆ ನೋಡಿದೆ', ಆಗಲಿಲ್ಲ: ಟ್ರೈಡ್ ಟು ಓಪನ್. ಸೆಕೆ, ಗಾಳಿ ಬರುತ್ತೇನೋ ಅಂತ 'ತೆಗೆದು ನೋಡಿದೆ': ಟ್ರೈಡ್ ಓಪನಿಂಗ್. ಯಾವ ಗ್ರಾಮರ್ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ!

ತೂತುಗಳೂ ಇವೆ. 'ಬೀಗ ಹಾಕೋದನ್ನ ಮರೆತೆ' ಅಂದರೆ ಜರಡಿ ಇಂಗ್ ಕೊಡುತ್ತೆ, ಬೇಕಿರೋದು ಫರ್ಗಾಟ್ ಟು ಲಾಕ್. ಇದಕ್ಕೆ ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ರಿಮೆಂಬರ್, ಫರ್ಗೆಟ್ ಎರಡಕ್ಕೆ ಮಾತ್ರ ಬೇರೆ ಕಟ್ಟಳೆ ಮಾಡಿದೆ: 'ಹಾಕೋದು' ಆದರೆ ಟು, 'ಹಾಕಿದ್ದು' ಆದರೆ ಇಂಗ್. ಸಜೆಸ್ಟ್ ಇನ್ನೂ ಮೋಸಗಾರ. 'ಹೋಗೋಕೆ ಸಲಹೆ ಕೊಟ್ಟ' ಅಂತ ನಂಬಿ ಸಜೆಸ್ಟೆಡ್ ಗೋಯಿಂಗ್ ಬದಲು ಸಜೆಸ್ಟೆಡ್ ಟು ಗೋ ಬರೆದು ಒಬ್ಬಳು ಅಂಕ ಕಳ್ಕೊಂಡಳು, ನನ್ನನ್ನೇ ಬೈದಳು. ಎಂಜಾಯ್, ಮೈಂಡ್, ಸಜೆಸ್ಟ್ ಈ ಮೂರಕ್ಕೂ ಒಂದು ಕೈಚಳಕ ಇದೆ. ಅದು ಫೀಸು ಕಟ್ಟಿದವರಿಗೆ.

ಕಳೆದ ಬ್ಯಾಚಲ್ಲಿ ಸುಮಾರು 15 ಜನ. ಮಾತಾಡುವಾಗ ಈಗಲೂ ಎಡವೋರು ಮೂವರೋ ನಾಲ್ವರೋ. ಅವರಲ್ಲೊಬ್ಬ ಮೊನ್ನೆ ಥ್ಯಾಂಕ್ಸ್ ಹೇಳಿ, ಕೆಳಗೆ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಬರೆದಿದ್ದ. 'ಭೇಟಿಯನ್ನ ಎದುರು ನೋಡ್ತಿದ್ದೀನಿ' ಅಂತ ಒಂದು ಸಲ ಹೇಳಿಕೊಂಡಿದ್ದರೆ ಮೀಟಿಂಗ್ ತಾನೇ ಬರ್ತಿತ್ತು.