ನಿಫ್ಟಿ ಎತ್ತ ಹೊರಳಬಹುದು: ಸಂಜೆಯ ಒಂದು ಕಡತವನ್ನು ನಾನು ಓದುವ ಬಗೆ

ಷೇರುಪೇಟೆಯ ವಹಿವಾಟು ಮುಗಿದು ಸಂಜೆಯಾಗುವ ಹೊತ್ತಿಗೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ತನ್ನ ಜಾಲತಾಣದಲ್ಲಿ ಒಂದು ಪುಟ್ಟ ಕಡತವನ್ನು ಹಾಕುತ್ತದೆ. ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಕುದುರಿಸುವ ಒಪ್ಪಂದ) ಮತ್ತು ಆಪ್ಷನ್‌ಗಳಲ್ಲಿ (ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಯಾವ ವರ್ಗದವರ ಬಳಿ ಎಷ್ಟು ಲಾಂಗ್, ಅಂದರೆ ಕೊಂಡ ಒಪ್ಪಂದ, ಎಷ್ಟು ಶಾರ್ಟ್, ಅಂದರೆ ಮಾರಿದ ಒಪ್ಪಂದ, ಉಳಿದಿದೆ ಎಂಬ ಲೆಕ್ಕ ಅದರಲ್ಲಿರುತ್ತದೆ. ವರ್ಗಗಳು ನಾಲ್ಕೇ: ಕ್ಲೈಂಟ್, ಡಿಐಐ (ದೇಶೀಯ ಸಾಂಸ್ಥಿಕ ಹೂಡಿಕೆದಾರರು), ಎಫ್‌ಐಐ (ವಿದೇಶಿ ಸಾಂಸ್ಥಿಕ ಹೂಡಿಕೆದಾರರು), ಪ್ರೊ. ಕ್ಲೈಂಟ್ ಎಂದರೆ ಸಾಮಾನ್ಯ ಹೂಡಿಕೆದಾರರ ಜೊತೆಗೆ ದೊಡ್ಡ ಕುಳಗಳೂ ಸೇರಿದ ಗುಂಪು. ಪ್ರೊ ಎಂದರೆ ಬ್ರೋಕಿಂಗ್ ಸಂಸ್ಥೆಗಳು ಸ್ವಂತ ಹಣದಲ್ಲಿ ನಡೆಸುವ ವಹಿವಾಟು. ಅಮೆರಿಕದಲ್ಲಿ ಇದಕ್ಕೆ ಸಮನಾದ ಸರ್ಕಾರಿ ವರದಿ ವಾರಕ್ಕೊಮ್ಮೆ ಬರುತ್ತದೆ. ಮಂಗಳವಾರದ ಲೆಕ್ಕ ಅಲ್ಲಿನವರ ಕೈಗೆ ಸಿಗುವುದು ಶುಕ್ರವಾರ. ನಮಗೆ ಇಂದಿನ ಲೆಕ್ಕ ಇಂದೇ, ಬಿಡಿಗಾಸು ಖರ್ಚಿಲ್ಲದೆ ಸಿಗುತ್ತದೆ. ಇಷ್ಟು ಒಳ್ಳೆಯ ಮಾಹಿತಿಯನ್ನು ಬಹಳ ಮಂದಿ ಒಂದೇ ಸಾಲಿನ ತೀರ್ಪಿಗೆ ಇಳಿಸಿಬಿಡುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆ ತೀರ್ಪು ಎಲ್ಲರಿಗೂ ಗೊತ್ತಿರುವುದೇ: "ವಿದೇಶಿಯರು ಶಾರ್ಟ್ ಇದ್ದಾರೆ, ಮಾರುಕಟ್ಟೆ ಬೀಳುತ್ತದೆ." ನಾನು ಹಾಗೆ ಓದುವುದಿಲ್ಲ. ಎಫ್‌ಐಐಗಳ ಕೈಯಲ್ಲಿ ಲಕ್ಷಾಂತರ ಕೋಟಿ ರೂಪಾಯಿಯ ಷೇರುಗಳಿವೆ. ನಿಫ್ಟಿಯಂಥ ಷೇರು ಸೂಚ್ಯಂಕಗಳ ಮೇಲಿನ ಅವರ ಶಾರ್ಟ್‌ನ ಒಂದು ಭಾಗ ಆ ಷೇರುಗಳಿಗೆ ತೊಡಿಸಿದ ರಕ್ಷಣೆಯಷ್ಟೇ, ಅದನ್ನು ಮಾರುಕಟ್ಟೆಯ ಬಗೆಗಿನ ಅಭಿಪ್ರಾಯ ಎನ್ನಲಾಗದು. ಇನ್ನೊಂದು ಮಾತೂ ಇದೆ. ಇಂದು ಶಾರ್ಟ್ ಮಾಡಿದವರು ಎಂದಾದರೂ ಅದನ್ನು ಕೊಂಡು ಮುಚ್ಚಬೇಕು, ಮುಂದಿನ ತಿಂಗಳಿಗೆ ರೋಲ್‌ಓವರ್ ಮಾಡಬೇಕು ಅಥವಾ ಎಕ್ಸ್‌ಪೈರಿಗೆ, ಅಂದರೆ ಒಪ್ಪಂದದ ಅವಧಿ ಮುಗಿಯುವ ದಿನಕ್ಕೆ, ಬಿಡಬೇಕು. ಹಾಗಾಗಿ ಶಾರ್ಟ್‌ಗಳ ಮಟ್ಟ ನನಗೆ ದಿಕ್ಕನ್ನು ಹೇಳುವುದಿಲ್ಲ. ಮಾರುಕಟ್ಟೆ ಮೇಲೆ ತಿರುಗಿದರೆ ಎಷ್ಟು ಮಂದಿ ಅವಸರದಲ್ಲಿ ಕೊಳ್ಳಬೇಕಾದೀತು ಎಂಬುದನ್ನು ಹೇಳುತ್ತದೆ. ದಿಕ್ಕಿನ ಸುಳಿವು ಇರುವುದು ದಿನದಿಂದ ದಿನಕ್ಕೆ ಆಗುವ ಬದಲಾವಣೆಯಲ್ಲಿ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಎಫ್‌ಐಐ ಸಾಲಿನಲ್ಲಿ ಸೂಚ್ಯಂಕ ಫ್ಯೂಚರ್ಸ್ ಲಾಂಗ್ 40,000, ಶಾರ್ಟ್ 1,60,000 ಕಾಂಟ್ರ್ಯಾಕ್ಟ್‌ಗಳಿವೆ ಎನ್ನೋಣ. ಒಟ್ಟು ಎರಡು ಲಕ್ಷದಲ್ಲಿ ಲಾಂಗ್ ಪಾಲು ಶೇ 20. ಮರುದಿನ ನಿಫ್ಟಿ ಏರಿತು. ಲಾಂಗ್ 42,000 ಆಯಿತು, ಶಾರ್ಟ್ 1,40,000ಕ್ಕೆ ಇಳಿಯಿತು. ಲಾಂಗ್ ಪಾಲು ಸುಮಾರು ಶೇ 23. ಈ ಶೇ 23ನ್ನಷ್ಟೇ ನೋಡಿದರೆ "ವಿದೇಶಿಯರು ಕೊಳ್ಳಲು ಶುರುಮಾಡಿದ್ದಾರೆ" ಎನ್ನಿಸುತ್ತದೆ. ಆದರೆ ಬಿಡಿಸಿ ನೋಡಿದರೆ ಹೊಸ ಲಾಂಗ್ ಎರಡೇ ಸಾವಿರ, ಮುಚ್ಚಿದ ಶಾರ್ಟ್ ಇಪ್ಪತ್ತು ಸಾವಿರ. ಅಂದಿನ ಏರಿಕೆಯಲ್ಲಿ ಅವರ ಪಾಲಿನ ಖರೀದಿ ಬಹುತೇಕ ಶಾರ್ಟ್ ಕವರಿಂಗ್. ಇನ್ನೂ ಒಂದು ಲಕ್ಷ ನಲವತ್ತು ಸಾವಿರ ಉಳಿದಿರುವುದರಿಂದ ಆ ಏರಿಕೆ ಕೆಲವು ದಿನ ಸಾಗಲು ಅವಕಾಶವಿದೆ. ಇದೇ ಶೇ 3ರ ಬದಲಾವಣೆ ಹೊಸ ಲಾಂಗ್‌ಗಳಿಂದಲೇ ಬಂದಿದ್ದರೆ ಕಥೆ ಬೇರೆ. ಅನುಪಾತವೊಂದನ್ನೇ ನೆಚ್ಚಿಕೊಂಡವರಿಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಎಫ್‌ಐಐ ಸಾಲನ್ನು ನೋಡಿದಷ್ಟೇ ಹೊತ್ತು ಕ್ಲೈಂಟ್ ಸಾಲನ್ನೂ ನೋಡುತ್ತೇನೆ. ಪ್ರತಿಯೊಂದು ಕಾಂಟ್ರ್ಯಾಕ್ಟ್‌ಗೂ ಎರಡು ಕಡೆ ಇರುವುದರಿಂದ ನಾಲ್ಕೂ ವರ್ಗಗಳ ಲಾಂಗ್ ಕೂಡಿದರೆ ಶಾರ್ಟ್‌ನ ಮೊತ್ತಕ್ಕೆ ಸರಿಹೋಗಲೇಬೇಕು. ವಿದೇಶಿಯರು ಭಾರಿ ಶಾರ್ಟ್ ಇದ್ದಾಗ ಎದುರುಗಡೆ ಲಾಂಗ್ ಹಿಡಿದು ಕುಳಿತವರು ಹೆಚ್ಚಾಗಿ ಕ್ಲೈಂಟ್‌ಗಳೇ. ಸೂಚ್ಯಂಕ ಇಳಿಯುತ್ತಿರುವಾಗ ಕ್ಲೈಂಟ್ ಲಾಂಗ್ ದಿನೇದಿನೇ ಏರುತ್ತಿದ್ದರೆ ನಾನು ಕೊಳ್ಳುವ ಆಲೋಚನೆಯನ್ನೇ ಬದಿಗಿಡುತ್ತೇನೆ. ಮಾರ್ಜಿನ್ (ಖಾತರಿಯಾಗಿ ಇಡಬೇಕಾದ ಹಣ) ಸಾಲದೆ ಅವರು ಹೊರಬೀಳುವ ದಿನ ಇಳಿಕೆ ಇನ್ನಷ್ಟು ಜೋರಾಗುತ್ತದೆ. ಆ ಲಾಂಗ್‌ಗಳು ಕರಗಿದ ಮೇಲೂ ಎಫ್‌ಐಐ ಶಾರ್ಟ್ ಹೆಚ್ಚುತ್ತಲೇ ಇದ್ದು, ನಿಫ್ಟಿ ಮಾತ್ರ ಹೊಸ ತಳಕ್ಕೆ ಇಳಿಯಲು ಒಲ್ಲೆನೆಂದರೆ, ಇಡೀ ಕಡತದಲ್ಲಿ ನಾನು ಅತಿ ಹೆಚ್ಚು ನಂಬುವ ಸುಳಿವು ಅದು. ಮಾರುವವರು ಮಾರುತ್ತಲೇ ಇದ್ದಾರೆ, ಬೆಲೆ ಮಾತ್ರ ಬಾಗುತ್ತಿಲ್ಲ ಎಂದರೆ ಯಾರೋ ಷೇರುಗಳನ್ನೇ ಕೊಳ್ಳುವ ನಗದು ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ಕೊಳ್ಳುತ್ತಿದ್ದಾರೆ ಎಂದೇ ಅರ್ಥಮಾಡಿಕೊಳ್ಳುತ್ತೇನೆ.

ತಿಂಗಳ ಎಕ್ಸ್‌ಪೈರಿಯ ಆಸುಪಾಸಿನ ದಿನಗಳ ಬದಲಾವಣೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವಧಿ ಮುಗಿದು ತಾನಾಗಿ ಅಳಿದ ಶಾರ್ಟ್ ಮತ್ತು ಕೊಂಡು ಮುಚ್ಚಿದ ಶಾರ್ಟ್ ಕಡತದಲ್ಲಿ ಒಂದೇ ರೀತಿ ಕಾಣುತ್ತವೆ. ಹಾಗೆಯೇ ಸೂಚ್ಯಂಕ ಫ್ಯೂಚರ್ಸ್ ಎಂಬ ಅಂಕಣದಲ್ಲಿ ನಿಫ್ಟಿಯ ಜೊತೆ ಬ್ಯಾಂಕ್ ನಿಫ್ಟಿ ಮುಂತಾದವೂ ಬೆರೆತಿರುತ್ತವೆ. ಬೇರ್ಪಡಿಸಿ ನೋಡಲು ಎಫ್‌ಐಐ ವಹಿವಾಟಿನ ಪ್ರತ್ಯೇಕ ಅಂಕಿ ಅಂಶಗಳನ್ನು ತೆರೆಯಬೇಕಾಗುತ್ತದೆ.

ಆಪ್ಷನ್‌ಗಳ ವಿಷಯಕ್ಕೆ ಬಂದರೆ ನಾನು ಬಹಳ ಬಿಗಿ. ಕಾಲ್ ಎಂದರೆ ನಿಗದಿತ ಮಟ್ಟದಲ್ಲಿ ಕೊಳ್ಳುವ ಹಕ್ಕು, ಪುಟ್ ಎಂದರೆ ಮಾರುವ ಹಕ್ಕು; ಆ ಮಟ್ಟವೇ ಸ್ಟ್ರೈಕ್, ಹಕ್ಕಿಗೆ ಕೊಡುವ ಬೆಲೆ ಪ್ರೀಮಿಯಂ. "25,000ದ ಕಾಲ್ ಅನ್ನು ಎಫ್‌ಐಐಗಳು ಮಾರಿದ್ದಾರೆ, ಅಲ್ಲಿ ಗೋಡೆ ಇದೆ, ನಿಫ್ಟಿ ದಾಟದು" ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಸಾರ್ವಜನಿಕವಾಗಿ ಸಿಗುವ ಮಾಹಿತಿಯಿಂದ ಇದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ. ಸಂಜೆಯ ಕಡತದಲ್ಲಿ ವರ್ಗ ಇದೆ, ಸ್ಟ್ರೈಕ್ ಇಲ್ಲ. ಆಪ್ಷನ್ ಚೈನ್‌ ಎಂಬ ಆಪ್ಷನ್ ಬೆಲೆಗಳ ಪಟ್ಟಿಯಲ್ಲಿ ಸ್ಟ್ರೈಕ್ ಇದೆ, ವರ್ಗ ಇಲ್ಲ. ಎರಡನ್ನೂ ಹೊಲಿದು ಕಥೆ ಕಟ್ಟುವುದು ಊಹೆಯೇ ಹೊರತು ಓದು ಅಲ್ಲ. ಜೊತೆಗೆ ಕಡತ ಎಣಿಸುವುದು ಕಾಂಟ್ರ್ಯಾಕ್ಟ್‌ಗಳನ್ನು. ಸೂಚ್ಯಂಕದಿಂದ ಸಾವಿರ ಅಂಶ ದೂರದಲ್ಲಿ ಐದು ರೂಪಾಯಿಗೆ ಬಿಕರಿಯಾದ ಕಾಲ್‌ಗೂ, ಪಕ್ಕದಲ್ಲೇ ಇರುವ ಇನ್ನೂರು ರೂಪಾಯಿಯ ಕಾಲ್‌ಗೂ ಅಲ್ಲಿ ಒಂದೇ ತೂಕ. ಷೇರುಪೇಟೆಯ ನಿಯಂತ್ರಕ ಸೆಬಿ 2025ರ ಮೇ ತಿಂಗಳ ಸುತ್ತೋಲೆಯಲ್ಲಿ ಓಪನ್ ಇಂಟರೆಸ್ಟ್ (ಇನ್ನೂ ಮುಚ್ಚದೆ ಉಳಿದ ಒಪ್ಪಂದಗಳ ಲೆಕ್ಕ) ಅನ್ನು ಡೆಲ್ಟಾ ಆಧಾರದ ಮೇಲೆ, ಅಂದರೆ ಸೂಚ್ಯಂಕ ಅಲುಗಾಡಿದರೆ ಆಪ್ಷನ್ ಬೆಲೆ ಎಷ್ಟು ಅಲುಗಾಡುತ್ತದೆ ಎಂಬುದರ ಮೇಲೆ, ಅಳೆಯಲು ಹೇಳಿದ್ದು ನನಗೆ ತುಂಬ ಹಿಡಿಸಿತು.

ಆದ್ದರಿಂದ ಆಪ್ಷನ್ ಚೈನ್‌ನಿಂದ ನಾನು ಎತ್ತಿಕೊಳ್ಳುವುದು ಎರಡೇ ಸಂಗತಿ. ಒಂದು ಸ್ಟ್ರೈಕ್‌ನಲ್ಲಿ ಓಪನ್ ಇಂಟರೆಸ್ಟ್ ಏರುತ್ತ, ಸೂಚ್ಯಂಕ ನಿಂತಲ್ಲೇ ಇದ್ದರೂ ಪ್ರೀಮಿಯಂ ದಿನದ ಸಹಜ ಸವೆತಕ್ಕಿಂತ ಬೇಗ ಇಳಿದರೆ ಮಾರುವವರ ಕೈ ಮೇಲಾಗಿದೆ ಎಂದುಕೊಳ್ಳುತ್ತೇನೆ. ಎರಡೂ ಏರಿದರೆ ಕೊಳ್ಳುವವರದು. ಇನ್ನೊಂದು, ಸೂಚ್ಯಂಕಕ್ಕೆ ಹತ್ತಿರದ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಪ್ರೀಮಿಯಂಗಳ ಮೊತ್ತ. ಎಕ್ಸ್‌ಪೈರಿಯೊಳಗೆ ಮಾರುಕಟ್ಟೆ ಎಷ್ಟು ಅಂಶ ಅಲುಗಾಡಬಹುದೆಂದು ಹಣ ಹಾಕಿದವರೇ ನಿಗದಿ ಮಾಡಿದ ಬೆಲೆ ಅದು. ಪುಟ್–ಕಾಲ್ ಅನುಪಾತವನ್ನು ನೋಡುವುದನ್ನು ಬಿಟ್ಟಿದ್ದೇನೆ. ಅದು ಏರಿಳಿಯುವುದು ಬಹುಮಟ್ಟಿಗೆ ನಿಫ್ಟಿ ಆಗಲೇ ಏರಿಳಿದಿದೆ ಎಂಬ ಕಾರಣಕ್ಕೆ.

ಈ ಸುಳಿವುಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸುವುದು ಓದುವುದಕ್ಕಿಂತ ಕಷ್ಟದ ಕೆಲಸ. ಕಡತ ಕೈಗೆ ಬರುವುದು ಮಾರುಕಟ್ಟೆ ಮುಚ್ಚಿದ ಮೇಲೆ. ಅದನ್ನು ಕಂಡು ಏನಾದರೂ ಮಾಡಬಹುದಾದ ಮೊದಲ ಬೆಲೆ ಮರುದಿನ ಬೆಳಗಿನ ಆರಂಭದ್ದು. ನಿಫ್ಟಿಯ ದೊಡ್ಡ ಚಲನೆಗಳಲ್ಲಿ ಗಣನೀಯ ಭಾಗ ರಾತ್ರಿಯ ಅಂತರದಲ್ಲೇ ಮುಗಿದಿರುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಫಲಿತಾಂಶವನ್ನು ಮರುದಿನದ ಆರಂಭಿಕ ಬೆಲೆಯಿಂದ ಮುಂದಿನ ಮೂರರಿಂದ ಐದು ದಿನಗಳವರೆಗೆ ಅಳೆಯುತ್ತೇನೆ, ಹಿಂದಿನ ದಿನದ ಮುಕ್ತಾಯದ ಬೆಲೆಯಿಂದಲ್ಲ. ಈ ಒಂದು ಬದಲಾವಣೆ ಮಾಡಿದರೆ ಕಾಗದದ ಮೇಲೆ ಹೊಳೆಯುತ್ತಿದ್ದ ಎಷ್ಟೋ ಸೂತ್ರಗಳು ಮಂಕಾಗುತ್ತವೆ.

ಎಫ್‌ಐಐ ಲಾಂಗ್ ಪಾಲು ತೀರ ತಗ್ಗಿದರೆ ವಾರಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಆ ಅಷ್ಟೂ ದಿನಗಳನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ಲೆಕ್ಕ ಉಬ್ಬುತ್ತದೆ. ನಾನು ಅವೆಲ್ಲವನ್ನೂ ಒಂದೇ ಘಟನೆಯೆಂದು ಬರೆದುಕೊಳ್ಳುತ್ತೇನೆ. ಹೀಗೆ ಎಣಿಸಿದರೆ ಹಲವು ವರ್ಷಗಳಲ್ಲಿ ಸಿಗುವ ಘಟನೆಗಳು ಕೆಲವೇ ಕೆಲವು ಎಂಬುದು ತಿಳಿಯುತ್ತದೆ, ಹೂಡುವ ಪಣದ ಗಾತ್ರವೂ ತಾನಾಗಿ ಚಿಕ್ಕದಾಗುತ್ತದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವಹಿವಾಟಿನ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಕಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಸುಳಿವು ಸರಿಯಿದ್ದೂ ಗಾತ್ರ ಮೀರಿದ್ದರಿಂದ ಮುಳುಗಿದವರೂ ಅವರಲ್ಲಿ ಇರಲೇಬೇಕು ಎಂದು ನನಗೆ ಅನ್ನಿಸುತ್ತದೆ.

ಚುನಾವಣಾ ಫಲಿತಾಂಶದಂಥ ದಿನಗಳಿಗೆ ನಾನು ಅಂದಾಜು ಬರೆಯುವುದೇ ಇಲ್ಲ. 2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆಗಳನ್ನು ಕಂಡು ನಿಫ್ಟಿ ಶೇ 3ಕ್ಕೂ ಹೆಚ್ಚು ಜಿಗಿಯಿತು, ಮರುದಿನ, ಮತ ಎಣಿಕೆಯಂದು, ಶೇ 6ರ ಸಮೀಪ ಕುಸಿಯಿತು. ಮತಪೆಟ್ಟಿಗೆಯೊಳಗೆ ಏನಿದೆ ಎಂಬುದು ಯಾವ ಓಪನ್ ಇಂಟರೆಸ್ಟ್‌ಗೂ ಗೊತ್ತಿರುವುದಿಲ್ಲ. ಇನ್ನು ಗುಜರಾತಿನ ಗಿಫ್ಟ್ ಸಿಟಿಯಲ್ಲಿ ವಹಿವಾಟಾಗುವ ನಿಫ್ಟಿ ಒಪ್ಪಂದವಾದ ಗಿಫ್ಟ್ ನಿಫ್ಟಿಯ ಪೊಸಿಷನ್‌ಗಳು ಈ ಕಡತಕ್ಕೆ ಬರುವುದಿಲ್ಲ. ವಿದೇಶಿಯರ ಪೂರ್ತಿ ಚಿತ್ರ ನಮ್ಮೆದುರಿಗಿದೆ ಎಂದು ಯಾರೂ ಭಾವಿಸಬಾರದು.

ಹಳೆಯ ಅಂಕಿಗಳನ್ನು ಕೂಡಿಹಾಕುವವರಿಗೆ ಇನ್ನೆರಡು ಮಾತು. ನಿಫ್ಟಿಯ ಲಾಟ್ (ಒಂದು ಕಾಂಟ್ರ್ಯಾಕ್ಟ್‌ನಲ್ಲಿರುವ ಘಟಕಗಳ ಸಂಖ್ಯೆ) 2024ರ ಏಪ್ರಿಲ್‌ನಲ್ಲಿ 50ರಿಂದ 25ಕ್ಕೆ ಇಳಿಯಿತು, ಅದೇ ವರ್ಷದ ನವೆಂಬರ್‌ನಿಂದ ಹೊಸ ಕಾಂಟ್ರ್ಯಾಕ್ಟ್‌ಗಳಿಗೆ 75 ಆಯಿತು. ಅಷ್ಟೇ ಮೌಲ್ಯದ ಶಾರ್ಟ್ ಮೂರರಲ್ಲಿ ಒಂದು ಪಾಲು ಸಂಖ್ಯೆಯಲ್ಲಿ ಕಾಣತೊಡಗಿತು. "ದಾಖಲೆಯ ಶಾರ್ಟ್" ಎಂಬ ಶೀರ್ಷಿಕೆ ಕಂಡಾಗ ಮೊದಲು ಲಾಟ್ ಎಷ್ಟಿತ್ತು ಎಂದು ನೋಡಿ, ಗುಣಿಸಿ, ಆಮೇಲೆ ಹೋಲಿಸುತ್ತೇನೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ಎಕ್ಸ್‌ಪೈರಿ ಗುರುವಾರ ಬಿಟ್ಟು ಮಂಗಳವಾರಕ್ಕೆ ಬಂದಿದೆ. ಈಗ ಎಕ್ಸ್‌ಪೈರಿಗೆ ಮುನ್ನ ಶನಿವಾರ, ಭಾನುವಾರಗಳು ನಡುವೆ ಬರುವುದರಿಂದ ಶುಕ್ರವಾರದ ಕಡತದಲ್ಲಿ ಕಾಣುವ ಶಾರ್ಟ್‌ಗೆ ಹಿಂದಿನ ಅರ್ಥವಿಲ್ಲ: ಎರಡು ದಿನ ರಜೆಯ ಅಪಾಯ ಹೊರಲು ಒಲ್ಲದವರು ಅಂದೇ ಹೊರಗೆ ಹೋಗಿರುತ್ತಾರೆ. ಆದ್ದರಿಂದ ಮಂಗಳವಾರದ ಎಕ್ಸ್‌ಪೈರಿಗೆ ಬೇರೆಯೇ ಹಾಳೆ ತೆರೆದಿದ್ದೇನೆ. ಎಕ್ಸ್‌ಪೈರಿಗೆ ಉಳಿದ ದಿನಗಳ ಮೇಲೆ ನಿಂತ ಹಳೆಯ ಅಂದಾಜುಗಳನ್ನು ಅದಕ್ಕೆ ಬೆರೆಸುತ್ತಿಲ್ಲ.