ಲೈವ್ ಸ್ಕಿಟ್ ಶೋಗೆ ನಾನು ನಿರೂಪಕಿಯಾದದ್ದು

ನಾಟಕ ಕಂಪನಿಯಲ್ಲಿ ಹಾಸ್ಯ ಪಾತ್ರ ಮಾಡಿಕೊಂಡೇ ಜೀವನ ಕಳೆದವಳು ನಾನು. ಶಿರಸಿ, ಸಾಗರ, ಶಿವಮೊಗ್ಗ, ಎಲ್ಲಿ ಮಾರಿಕಾಂಬಾ ಜಾತ್ರೆಯೋ ಅಲ್ಲಿ ನಮ್ಮ ಕ್ಯಾಂಪ್. ಬಾಯಿಬಡುಕ ಅತ್ತೆ, ಕಿವುಡಿ, ಸೂಲಗಿತ್ತಿ, ಸವತಿ ಎಲ್ಲಾ ಆಗಿದ್ದೇನೆ. ಆದರೆ ಬಣ್ಣ ಹಚ್ಚಿದ ಮೇಲೆ ನಾನು ನಾನಾಗಿ ನಿಂತು ಮಾತಾಡಿದ್ದಿಲ್ಲ. ಸಾಗರದ ಹುಡುಗರು ಮನೆಗೆ ಬಂದು, "ಅಕ್ಕಾ, ಈ ಸಲದ ಶೋಗೆ ನೀವೇ ನಿರೂಪಕಿ" ಎಂದಾಗ ನಾನು ಹಿಂದೆ ಸರಿದದ್ದು ಇದೇ ಕಾರಣಕ್ಕೆ. ಪಾತ್ರ ಕೊಡಿ, ಮಾಡ್ತೀನಿ. ಸುಮ್ನೆ ನಾನಾಗಿ ನಿಂತು ಏನು ಹೇಳಲಿ?

ಅವರ ಶೋ ಒಂದೂವರೆ ಗಂಟೆಯದ್ದು. ಸಣ್ಣ ಸಣ್ಣ ಸ್ಕಿಟ್, ನಡುವೆ ಹಾಡು. ಸಭಾಭವನದಲ್ಲಿ ಜನ, ಅದೇ ಹೊತ್ತಿಗೆ ಯೂಟ್ಯೂಬಿನಲ್ಲಿ ಲೈವ್. ಪ್ರತಿ ಸಲ ಹೊಸ ಅತಿಥಿ ಬಂದು ಶುರುವಿಗೆ ನಾಲ್ಕು ಮಾತಾಡಿ, ಸ್ಕಿಟ್‌ಗಳಲ್ಲೂ ಪಾತ್ರ ಮಾಡಬೇಕು. ಈ ಪದ್ಧತಿ ಅಮೆರಿಕದ ಸ್ಯಾಟರ್ಡೇ ನೈಟ್ ಲೈವ್ ಎಂಬ ಟೀವಿ ಶೋದ್ದು. ಅದು 1975ರ ಅಕ್ಟೋಬರಿನಿಂದ ನ್ಯೂಯಾರ್ಕಿನಲ್ಲಿ ನಡೆಯುತ್ತಾ ಬಂದಿದೆ. ನನ್ನನ್ನು ಒಪ್ಪಿಸಲು ಹುಡುಗರು ಅಲ್ಲಿನ ಹಾಸ್ಯ ನಟಿ ಬೆಟ್ಟಿ ವೈಟ್ ಅವರ ವಿಷಯ ತೆಗೆದರು. 2010ರ ಮೇ 8ರಂದು ಆಕೆ ಆ ಶೋ ನಡೆಸಿಕೊಟ್ಟಾಗ 88 ವರ್ಷ. ಅವರನ್ನೇ ಕರೆಸಿ ಎಂದು ಜನ ಫೇಸ್‌ಬುಕ್ಕಿನಲ್ಲಿ ಹಟ ಹಿಡಿದಿದ್ದರು. ಆ ಒಂದು ರಾತ್ರಿಯ ಕೆಲಸಕ್ಕೆ ಟೀವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿಯೂ ಬಂತು. "ಅವರ ಮುಂದೆ ನೀವು ಇನ್ನೂ ಹುಡುಗಿ ಅಲ್ವಾ" ಎಂದ ಒಬ್ಬ. ಎಂತ ಮಾರಾಯ, ಹೊಗಳಿದ್ದೋ ಬೈದದ್ದೋ! ಆದರೆ ಅದಕ್ಕೂ ಮುಂಚೆ ಆಕೆಯನ್ನು ಕರೆದಾಗೆಲ್ಲ ಬೇಡ ಎಂದಿದ್ದರಂತೆ. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಎದುರಾದದ್ದು ಕಾರ್ಡು. ಕಂಪನಿಯಲ್ಲಿ ನಮಗೆ ಪ್ರಾಂಪ್ಟರ್ ಇರುತ್ತಿದ್ದರು. ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು, ನಮಗಷ್ಟೇ ಕೇಳುವ ಹಾಗೆ ಮಾತಿನ ಮೊದಲ ಪದ ಎಸೆಯುತ್ತಿದ್ದರು. ಕಿವಿ ಅತ್ತ ಇದ್ದರೂ ಕಣ್ಣು ಜನರ ಮೇಲೇ ಇರುತ್ತಿತ್ತು. ಈ ಶೋದಲ್ಲಿ ಮಾತು ಕೊನೇ ಗಳಿಗೆವರೆಗೂ ಬದಲಾಗುತ್ತಲೇ ಇರುತ್ತದೆ. ಅದಕ್ಕೆ ನ್ಯೂಯಾರ್ಕಿನಲ್ಲೂ ಕೈಯಲ್ಲಿ ಬರೆದ ಕಾರ್ಡುಗಳನ್ನೇ ಕ್ಯಾಮೆರಾ ಪಕ್ಕ ಹಿಡಿಯುತ್ತಾರೆ. ಕಿವಿಯ ಕೆಲಸ ಕಣ್ಣಿಗೆ ಬರುತ್ತದೆ. ಕಣ್ಣು ಕಾರ್ಡಿನ ಮೇಲೆ ಓಡಾಡಿದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಕಾರ್ಡ್ ಹುಡುಗ ಮೊದಲು ಒಂದು ಡ್ರಾಯಿಂಗ್ ಶೀಟಿನಲ್ಲಿ ಎಂಟು ಸಾಲು ತುಂಬಿಸಿಕೊಂಡು ಬಂದ. ಇಂಗ್ಲಿಷಿನಲ್ಲಾದರೆ ನಡೆದೀತು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, 'ಶಾಸ್ತ್ರ' ಯಾವುದು, ಅದರ ಕೆಳಗಿನ 'ಹೆಂಡ್ತಿ' ಯಾವುದು ಗೊತ್ತಾಗುತ್ತಿರಲಿಲ್ಲ. ಸಾಲು ನಾಲ್ಕಕ್ಕೆ ಇಳಿಸಿದೆವು. ಅಕ್ಷರ ಮೂರು ಬೆರಳೆತ್ತರ, ಸಾಲುಗಳ ನಡುವೆ ಅಷ್ಟೇ ಜಾಗ. ನನ್ನ ಮಾತು ಕಪ್ಪು ಮಾರ್ಕರಿನಲ್ಲಿ, ಎದುರಿನವರ ಕೊನೇ ಪದ ಮಾತ್ರ ಕೆಂಪಿನಲ್ಲಿ. ಪೂರ್ತಿ ವಾಕ್ಯ ಬರೆಯಬೇಡ ಎಂದೆ. ಶುರುವಿನ ಎರಡು ಪದ, ಆಮೇಲೆ ನಗು ಬರಬೇಕಾದ ಪದ. ನಡುವಿನದು ನನ್ನ ಬಾಯಿಗೆ ತಾನಾಗಿ ಬರುತ್ತದೆ. ಈ ವಯಸ್ಸಿನಲ್ಲಿ ಹತ್ತಿರದ ಕಾಗದ ಓದಲು ಕನ್ನಡಕ ಬೇಕು, ದೂರದ ಬೋರ್ಡಿಗೆ ಬೇಡ. ಹಾಗಾಗಿ ಕೈಯಲ್ಲಿ ಚೀಟಿ ಹಿಡಿಯುವುದಕ್ಕಿಂತ ಇದೇ ವಾಸಿ. ತೊಂದರೆ ಒಂದೇ. ಆ ಹುಡುಗನಿಗೆ ನಗು ಜಾಸ್ತಿ. ಅವನು ನಕ್ಕರೆ ಕಾರ್ಡೂ ಕುಣಿಯುತ್ತದೆ. ತುಟಿ ಕಚ್ಚಿಕೊಂಡು ನಿಲ್ಲುವುದನ್ನು ಅವನಿಗೂ ತಾಲೀಮು ಮಾಡಿಸಬೇಕಾಯಿತು.

ಶುರುವಿನ ಮಾತಿಗೆ ಹುಡುಗರು ಬರೆದುಕೊಟ್ಟದ್ದೆಲ್ಲ ವಯಸ್ಸಿನ ಜೋಕು. ಹಲ್ಲಿಲ್ಲ, ಮಂಡಿ ನೋವು, ವಾಟ್ಸಾಪ್ ಬರಲ್ಲ. ನಾನು ಬಹಳಷ್ಟು ಹೊಡೆದು ಹಾಕಿದೆ. ಮುದುಕಿಯನ್ನು ನೋಡಿ ಜನ ನಗುವುದು ಸುಲಭ. ಅದಕ್ಕೆ ನಾನೇ ಯಾಕೆ ಬೇಕು? ಬದಲಿಗೆ ಕಂಪನಿಯ ಕಾಲದ್ದನ್ನೇ ಹೇಳಿದೆ. ಹೀರೋಯಿನ್ ಸಾಯುವ ಸೀನಿಗೆ ಒನ್ಸ್ ಮೋರ್ ಬಂದು, ಪಾಪ ಅವಳು ಎದ್ದು ಮತ್ತೆ ಸತ್ತದ್ದು. ಅದನ್ನು ಹೇಳುವಾಗ ನಾನು ಯಾವ ಪಾತ್ರದಲ್ಲೂ ಇರಲಿಲ್ಲ. ಆದರೂ ಕಾಲು ನಡುಗಲಿಲ್ಲ. ಹೇಳಲು ನನ್ನದೇ ಒಂದು ಮಾತಿದ್ದರೆ ಪಾತ್ರದ ಹಂಗು ಬೇಕಿಲ್ಲ ಅನ್ನಿಸಿತು.

ಶೋ ದಿನ ಮಧ್ಯಾಹ್ನ ಇಡೀ ಶೋ ಒಮ್ಮೆ ಜನರ ಎದುರಿಗೇ ಆಗುತ್ತದೆ. ಇದೂ ನ್ಯೂಯಾರ್ಕಿನವರಿಂದ ಕಲಿತದ್ದು. ಅಲ್ಲಿ ರಾತ್ರಿ 8ಕ್ಕೆ ಜನರ ಮುಂದೆ ಡ್ರೆಸ್ ರಿಹರ್ಸಲ್, ನಗು ಬರದ ಸ್ಕಿಟ್‌ಗಳನ್ನು ಕಿತ್ತುಹಾಕಿ 11.30ಕ್ಕೆ ಲೈವ್. ನಮ್ಮಲ್ಲಿ ಅಕ್ಕಪಕ್ಕದವರು, ಅಡಿಕೆ ಮಂಡಿಯವರು, ಹಾಸ್ಟೆಲ್ ಮಕ್ಕಳು ಬಂದು ಕೂತಿದ್ದರು. ಸಿಗಂದೂರಿನ ಅಜ್ಜಿಯ ಸ್ಕಿಟ್ ಗೆದ್ದಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಶುರುವಾದ ಮೇಲೂ, ದೇವಸ್ಥಾನಕ್ಕೆ ಹೋಗಲು ಲಾಂಚಿಗೇ ಕಾಯುತ್ತಾ ನಿಲ್ಲುವ ಅಜ್ಜಿ. "ನಾನು ಹರಕೆ ಹೊತ್ತದ್ದು ಲಾಂಚಿನಲ್ಲಿ ಬರ್ತೀನಿ ಅಂತ. ಸೇತುವೆ ಮೇಲೆ ಬಂದರೆ ದೇವಿ ಲೆಕ್ಕಕ್ಕೆ ತಗೋತಾಳಾ?" ಇದಕ್ಕೆ ಹಾಸ್ಟೆಲ್ ಮಕ್ಕಳೂ ಬಿದ್ದು ಬಿದ್ದು ನಕ್ಕರು. ನನಗೆ ಇಷ್ಟವಾಗಿದ್ದು ಅಡಿಕೆಗೆ ಬರುವ ಕೊಳೆ ರೋಗದ ಸ್ಕಿಟ್. ಅದರ ಔಷಧಿ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಿದವನು, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತೆ ಅಂತ ಇಳಿಯುವುದೇ ಇಲ್ಲ. ತೋಟ ಇದ್ದವರು ನಕ್ಕರು, ಉಳಿದವರು ಮುಖ ಮುಖ ನೋಡಿಕೊಂಡರು. ಕಿತ್ತರು. ನಾನು ಜಗಳ ಮಾಡಲಿಲ್ಲ, ಆದರೆ ಇವತ್ತಿಗೂ ಒಪ್ಪಿಲ್ಲ.

ಸೀರೆ ಬದಲಿಸಲು ಒಂದು ಹಾಡಿನಷ್ಟು ಹೊತ್ತೂ ಸಿಗುವುದಿಲ್ಲ. ನೆರಿಗೆ ಹಿಡಿದು ಹೊಲಿದು, ಸೊಂಟಕ್ಕೆ ವೆಲ್ಕ್ರೋ ಹಚ್ಚಿಸಿದ್ದೆ. ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಲು ಬಂದರು, ಬೇಡ ಎಂದೆ. ಸೆರಗು ಸರಿದಾಗೆಲ್ಲ ಪರಪರ ಸದ್ದು. ರವಿಕೆಯ ಕೊರಳಂಚಿನ ಒಳಗೆ ಸಿಕ್ಕಿಸಿ, ಡಬ್ಬಿಯನ್ನು ಬೆನ್ನ ಹಿಂದೆ ಲಂಗದ ದಾರಕ್ಕೆ ಕಟ್ಟಿಸಿಕೊಂಡೆ.

ರಾತ್ರಿ ಶೋ ಶುರುವಾಗುವ ಹೊತ್ತಿಗೆ ಮಳೆ ಹಿಡಿಯಿತು. ತಗಡಿನ ಮಾಡು. ನಗು ರಂಗದವರೆಗೆ ಬರಲೇ ಇಲ್ಲ. ಹಾಸ್ಯದಲ್ಲಿ ಮುಂದಿನ ಮಾತು ಹೇಳಬೇಕಾದ್ದು ನಗು ಏರಿ, ಇಳಿಯಲು ಶುರುವಾದಾಗ. ಪೂರ್ತಿ ನಿಲ್ಲಲಿ ಅಂತ ಕಾದರೆ ಸಭೆ ತಣ್ಣಗಾಗುತ್ತದೆ. ಕೇಳದಿದ್ದರೆ ಏನು ಮಾಡುವುದು? ಹೆಗಲು ನೋಡಿದೆ. ನಗುವವರ ಹೆಗಲು ಕುಣಿಯುತ್ತದೆ. ಎರಡನೇ ಸಾಲಿನ ದಪ್ಪ ಮನುಷ್ಯರೊಬ್ಬರ ಹೆಗಲನ್ನೇ ಗುರುತು ಮಾಡಿಕೊಂಡೆ. ಅದು ನಿಧಾನವಾದ ಹಾಗೆ ಮುಂದಿನ ಮಾತು. ಯೂಟ್ಯೂಬಿನವರಿಗೆ ಆ ಸಮಯ ಖಾಲಿ ಕಾಣಬಾರದಲ್ಲ, ಅದಕ್ಕೆ ಸೆರಗು ಸರಿ ಮಾಡುತ್ತಾ ನಿಂತೆ. ಸ್ಕಿಟ್ ಮಾಡುತ್ತಿದ್ದ ಹುಡುಗರಿಗೂ ನನ್ನನ್ನೇ ನೋಡಿ ಎಂದಿದ್ದೆ. ನಾನು ಸೆರಗು ಬಿಟ್ಟಾಗ ಅವರು ಮಾತು ಎತ್ತುತ್ತಿದ್ದರು.

ಕೊನೆಯ ಸ್ಕಿಟ್‌ಗೆ ಮುಂಚೆ ಕ್ಯಾಮೆರಾ ಬ್ಯಾಟರಿ ಬದಲಿಸಬೇಕಾಯಿತು. ಎಳೀರಿ, ಎಳೀರಿ ಎಂದು ಪಕ್ಕದಿಂದ ಕೈಸನ್ನೆ. ಕಾರ್ಡಿನಲ್ಲಿ ಏನೂ ಇಲ್ಲ. "ಇವತ್ತು ಅಡಿಕೆ ರೇಟ್ ಎಷ್ಟಾಯ್ತು?" ಎಂದು ಸಭೆಗೇ ಕೇಳಿಬಿಟ್ಟೆ. ಮೂರು ಕಡೆಯಿಂದ ಮೂರು ರೇಟ್ ಬಂತು. ಅವರವರಲ್ಲೇ ವಾದ ಹತ್ತಿತು. ಬ್ಯಾಟರಿ ಹಾಕಿ ಮುಗಿದರೂ ವಾದ ನಿಲ್ಲಲಿಲ್ಲ. ಕಾರ್ಡ್ ಹುಡುಗ ಸಂಜೆಯಿಂದ ತಡೆದುಕೊಂಡಿದ್ದ ನಗುವನ್ನೆಲ್ಲ ಆಗ ಬಿಟ್ಟ.

ಮುಂದಿನ ಶೋಗೆ ಯಕ್ಷಗಾನದ ಹಿರಿಯ ಹಾಸ್ಯಗಾರರೊಬ್ಬರನ್ನು ಒಪ್ಪಿಸಿದ್ದಾರೆ. ಅವರಿಗೆ ಕಾರ್ಡ್ ಅಭ್ಯಾಸ ಮಾಡಿಸಲು ನನ್ನನ್ನು ಕಳಿಸಿದ್ದರು. ಅವರು ಒಂದು ಕಾರ್ಡ್ ನೋಡಿ, ತಿರುಗಿಸಿ ಹಿಂಭಾಗವನ್ನೂ ನೋಡಿ, "ಇದರಲ್ಲಿ ಬರೆದದ್ದನ್ನೇ ಹೇಳುವುದಾದರೆ ನಾನು ಯಾಕೆ ಬರಬೇಕು ಮಾರಾಯ್ತಿ?" ಎಂದರು. ಒಂದೂವರೆ ಗಂಟೆಯಲ್ಲಿ ಅವರನ್ನು ನಿಲ್ಲಿಸುವುದು ಹೇಗೆ ಅಂತ ಹುಡುಗರು ಈಗ ತಲೆ ಕೆಡಿಸಿಕೊಂಡಿದ್ದಾರೆ.